ಎರಡು ಎಳೆಯೋ, ನಾಲ್ಕು ಎಳೆಯೋ?

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಬಾಲ್ಸಾ ವಿಮಾನ ಮಾಡಿದ್ವಿ. ಬ್ಯಾಟರಿ ಇಲ್ಲ, ಪೆಟ್ರೋಲ್ ಇಲ್ಲ. ತಿರುಚಿದ ರಬ್ಬರ್ ಬಿಚ್ಚಿಕೊಳ್ಳುವಾಗ ಪ್ರೊಪೆಲ್ಲರ್ ತಿರುಗುತ್ತೆ, ಅಷ್ಟೇ. 1871ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫೋನ್ಸ್ ಪೆನೋ ಎಂಬ ತರುಣ ಇದೇ ಉಪಾಯದಿಂದ ತನ್ನ ಪುಟ್ಟ ವಿಮಾನವನ್ನು 11 ಸೆಕೆಂಡ್ ಹಾರಿಸಿದ್ದ. ನಾವು ಮಾತ್ರ ಎರಡು ಸಲ ಸೋತೆವು.

ನಮ್ಮ ಹತ್ತಿರ ಇದ್ದದ್ದು 3 ಮಿ.ಮೀ. ಅಗಲದ, 80 ಸೆಂ.ಮೀ. ಉದ್ದದ ರಬ್ಬರ್ ಪಟ್ಟಿ. ಮೊದಲು ಎರಡು ಎಳೆಯಾಗಿ ಹಾಕಿದ್ವಿ. ಉದ್ದ 40 ಸೆಂ.ಮೀ. ವಿಮಾನ ಮೇಲೇರಲೇ ಇಲ್ಲ. "ಎಳೆ ಜಾಸ್ತಿ ಆದ್ರೆ ಪವರ್ ಜಾಸ್ತಿ" ಅಂದುಕೊಂಡು ಅದನ್ನೇ ಮಡಚಿ, 20 ಸೆಂ.ಮೀ. ಉದ್ದದ ನಾಲ್ಕು ಎಳೆ ಮಾಡಿದ್ವಿ. ಕೈಬಿಟ್ಟ ತಕ್ಷಣ ಮೂಗು ಮೇಲೆತ್ತಿ, ಎಡಕ್ಕೆ ಉರುಳಿ ಬಿತ್ತು. ರೆಕ್ಕೆ ಎರಡು ತುಂಡು.

ಆಮೇಲೆ ಕೂತು ಲೆಕ್ಕ ಹಾಕಿದಾಗ ಅರ್ಥವಾಯ್ತು. ರಬ್ಬರ್ ಎಷ್ಟು ಶಕ್ತಿ ಹಿಡಿದಿಡುತ್ತೆ ಅನ್ನೋದು ಅದರ ತೂಕದ ಮೇಲಿದೆ. ಮಡಚಿದರೆ ತೂಕ ಹೆಚ್ಚುವುದಿಲ್ಲ, ಹಾಗಾಗಿ ಶಕ್ತಿಯೂ ಹೆಚ್ಚುವುದಿಲ್ಲ. ಬದಲಾಗೋದು ಖರ್ಚಿನ ವೇಗ: ಅದೇ ಪಾಕೆಟ್ ಮನಿಯನ್ನು ತಿಂಗಳಿಡೀ ಬಳಸೋದೋ, ಹತ್ತೇ ದಿನಕ್ಕೆ ಮುಗಿಸೋದೋ ಅನ್ನೋ ಹಾಗೆ.

ಎಳೆಗಳ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ಎರಡು ಪಟ್ಟಾದರೆ ಟಾರ್ಕ್ ಎರಡಲ್ಲ, ಸುಮಾರು 2.8 ಪಟ್ಟಾಗುತ್ತೆ, ಅದು 1.5ನೇ ಘಾತದಲ್ಲಿ ಏರುತ್ತೆ. ಆದರೆ ದಪ್ಪ ಕಟ್ಟು ಕಡಿಮೆ ಸುತ್ತು ತಾಳುತ್ತೆ, ಉದ್ದವೂ ಅರ್ಧವಾಗಿದೆ. ಎರಡು ಎಳೆ 840 ಸುತ್ತು ತಾಳಿದರೆ, ನಾಲ್ಕು ಎಳೆ ತಾಳೋದು ಸುಮಾರು 300. ಜೋರಾದ ಟಾರ್ಕ್ ಪ್ರೊಪೆಲ್ಲರನ್ನು ಬಲಕ್ಕೆ ತಿರುಗಿಸುವಾಗ ವಿಮಾನದ ಮೈ ಎಡಕ್ಕೆ ತಿರುಗಲು ನೋಡುತ್ತೆ. ನಮ್ಮ ರೆಕ್ಕೆ ಮುರಿದದ್ದು ಇದಕ್ಕೇ.

ಹಾಗಾದ್ರೆ ನಡುವಿನ ದಾರಿ? ಎಳೆಗಳ ಸಂಖ್ಯೆಯ ಜೊತೆ ಪಟ್ಟಿಯ ಅಗಲವನ್ನೂ ನೋಡಬೇಕು. ಅಷ್ಟೇ ದಪ್ಪದ, 2 ಮಿ.ಮೀ. ಅಗಲದ ಪಟ್ಟಿ ತಂದು, 30 ಸೆಂ.ಮೀ.ನ ನಾಲ್ಕು ಎಳೆ ಹಾಕಿದ್ವಿ. ತೂಕ ಅದೇ. ಟಾರ್ಕ್ ಎರಡೆಳೆಯ ಒಂದೂವರೆ ಪಟ್ಟು, ಸುತ್ತು ಸುಮಾರು 545. ಎಳೆಗಳು ಒಂದಕ್ಕೊಂದು ಉಜ್ಜಿ ಹರಿಯದಿರಲೆಂದು ಸ್ವಲ್ಪ ಹರಳೆಣ್ಣೆ ಸವರಿದ್ವಿ.

ಈ ಸಲ ವಿಮಾನ ನಿಧಾನವಾಗಿ ಸುತ್ತುತ್ತಾ ಏರಿ, ಮೆಸ್ ಛಾವಣಿ ಮೇಲೆ ಹೋಗಿ ಕೂತಿತು. ಇಳಿಸೋಕೆ ಏಣಿ ಬೇಕಾಯ್ತು!

ನೀವೂ ಮಾಡೋದಾದ್ರೆ ಮೊದಲು ರಬ್ಬರ್ ತೂಕ ಮಾಡಿ ಬರೆದಿಡಿ. ತೂಕ ಬದಲಿಸದೆ ಎಳೆ ಬದಲಿಸಿ ನೋಡಿ. ರೆಕ್ಕೆಗೆ ಅಂಟು ಜೊತೆಗಿರಲಿ.