ನೆಲ್ಲು ಹೇರುವ ಮುನ್ನ ಚಾಲಕನ ಲೈಸನ್ಸು ನೋಡಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರು, ಮಸ್ಕಿ ಭಾಗದಲ್ಲಿ ನೆಲ್ಲು ಬೆಳೆಯುವುದೆಷ್ಟು ಕೆಲಸವೋ ಅದನ್ನು ಮಿಲ್ಲಿಗೆ, ಮಾರುಕಟ್ಟೆಗೆ ಸಾಗಿಸುವುದೂ ಅಷ್ಟೇ ಕೆಲಸ. ರಾಶಿಯ ದಿನಗಳಲ್ಲಿ ಚಾಲಕರು ಸಿಗುವುದು ಕಷ್ಟ. ಆಗ "ಗಾಡಿ ಹೊಡೆಯಲು ಬರುತ್ತದೆ" ಎಂದವರ ಕೈಗೆಲ್ಲ ಕೀಲಿ ಕೊಡುವ ರೂಢಿ ಇದೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾಯ್ದು ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಅಂಥ ಗಾಡಿಯಿಂದ ಅಪಘಾತವಾದರೆ ಪರಿಹಾರದ ಹೊರೆ ಚಾಲಕನಿಗಿಂತ ಮಾಲೀಕನ ಮೇಲೆ, ಅಂದರೆ ರೈತನ ಹೊಲದ ಮೇಲೆ ಬೀಳುತ್ತದೆ.

ಯಾವ ಗಾಡಿಗೆ ಯಾವ ಲೈಸನ್ಸು ಎಂಬುದನ್ನು ಮೊದಲು ತಿಳಿಯಬೇಕು. ಇದಕ್ಕೆ ಆಧಾರ 1988ರ ಮೋಟಾರು ವಾಹನಗಳ ಕಾಯಿದೆ. ಹೊಲದ ಟ್ರ್ಯಾಕ್ಟರಿಗೆ ಲಘು ಮೋಟಾರು ವಾಹನದ ಲೈಸನ್ಸು ಸಾಕು. ವಯಸ್ಸು 18 ತುಂಬಿರಬೇಕು. ಟ್ರೇಲರ್ ಕಟ್ಟಿದೊಡನೆ ಟ್ರ್ಯಾಕ್ಟರಿನ ಲೈಸನ್ಸು ಕೆಲಸಕ್ಕೆ ಬಾರದಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿದೆ. ಸಣ್ಣ ಸರಕು ಗಾಡಿಗಳ ವಿಷಯವೂ 2024ರ ನವೆಂಬರಿನಲ್ಲಿ ಇತ್ಯರ್ಥವಾಯಿತು. ಒಟ್ಟು ತೂಕ 7,500 ಕಿಲೋ ಮೀರದ ಗಾಡಿಯನ್ನು ಲಘು ವಾಹನದ ಲೈಸನ್ಸಿನ ಮೇಲೆಯೇ ನಡೆಸಬಹುದೆಂದು ಐವರು ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ಈ ತೂಕವನ್ನು ಅಂದಾಜಿನಿಂದ ಹೇಳಬಾರದು, ಆರ್.ಸಿ. ಪುಸ್ತಕದಲ್ಲಿ ನೋಡಬೇಕು.

ಮಿಲ್ಲಿಗೆ ಹೋಗುವ ಲಾರಿಯ ಮಾತು ಬೇರೆ. ಅದಕ್ಕೆ ಸಾರಿಗೆ ವಾಹನದ ಲೈಸನ್ಸು ಬೇಕು. ವಯಸ್ಸು 20 ಆಗಿರಬೇಕು, ಲಘು ವಾಹನದ ಲೈಸನ್ಸು ಪಡೆದು ಒಂದು ವರ್ಷ ಕಳೆದಿರಬೇಕು. ಆಮೇಲಷ್ಟೇ ಕಲಿಕೆಯ ಲೈಸನ್ಸು. ವೈದ್ಯರ ಪ್ರಮಾಣಪತ್ರ, ಚಾಲನಾ ಶಾಲೆಯ ಪ್ರಮಾಣಪತ್ರ ಎರಡೂ ಬೇಕಾಗುತ್ತವೆ. ಎಂಟನೆಯ ತರಗತಿ ಓದಿರಬೇಕೆಂಬ ಹಿಂದಿನ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಗಿದೆ. ಶಾಲೆ ಬಿಟ್ಟ ಹುಡುಗರು ನಮ್ಮ ಕಡೆ ಅನೇಕರಿರುವುದರಿಂದ ಇದು ಉಪಯೋಗದ ಬದಲಾವಣೆಯೇ. ಮಗನನ್ನು ಲಾರಿ ಚಾಲಕನನ್ನಾಗಿ ಮಾಡುವ ಇಚ್ಛೆಯಿದ್ದರೆ 18 ತುಂಬಿದಾಗಲೇ ಲಘು ವಾಹನದ ಲೈಸನ್ಸು ಮಾಡಿಸುವುದು ಲೇಸು.

ಸಾರಿಗೆ ಲೈಸನ್ಸಿನ ಅವಧಿ ಐದು ವರ್ಷ. ಅವಧಿ ಮುಗಿದ ಮೇಲೆ ಮೊದಲು 30 ದಿನ ನಡೆಯುತ್ತಿತ್ತು. 2019ರ ತಿದ್ದುಪಡಿಯಿಂದ ಆ ರಿಯಾಯಿತಿ ಹೋಯಿತು. ಈಗ ಮರುದಿನದಿಂದಲೇ ಅವನು ಲೈಸನ್ಸಿಲ್ಲದವನು. ಮುಗಿಯುವುದಕ್ಕೆ ಒಂದು ವರ್ಷ ಮುಂಚಿನಿಂದಲೂ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು.

ಲೈಸನ್ಸಿಲ್ಲದವನಿಗೆ ಗಾಡಿ ಕೊಟ್ಟ ಮಾಲೀಕನಿಗೆ ಕಾಯಿದೆಯಂತೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ, ಇಲ್ಲವೆ ಎರಡೂ. 18 ತುಂಬದ ಹುಡುಗ ಗಾಡಿ ನಡೆಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ಆದರೆ ದಂಡಕ್ಕಿಂತ ಭಾರವಾದದ್ದು ವಿಮೆಯ ಪ್ರಶ್ನೆ. ಸರಿಯಾದ ಲೈಸನ್ಸು ಇಲ್ಲದಿದ್ದಾಗ ವಿಮಾ ಕಂಪನಿ ಗಾಯಾಳುವಿಗೆ ಹಣ ಕೊಟ್ಟು ಅದನ್ನು ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು. ಮಾಲೀಕನು ಎಚ್ಚರಿಕೆ ವಹಿಸಿದ್ದನೇ ಎಂಬುದನ್ನೂ ಅವು ನೋಡುತ್ತವೆ. (ಟ್ರೇಲರಿನ ಮೇಲೆ ಕೂಲಿಯವರನ್ನು ಕೂರಿಸುವುದು ಇನ್ನೊಂದು ತೊಡಕು, ಅದಕ್ಕೆ ಬೇರೆ ಲೇಖನವೇ ಬೇಕು.)

ಚಾಲಕನನ್ನು ನೇಮಿಸಿಕೊಳ್ಳುವಾಗ ಅಸಲು ಲೈಸನ್ಸನ್ನೇ ಕೇಳಿ. ವಾಹನದ ವರ್ಗ, ಮುಗಿಯುವ ತಾರೀಖು ಎರಡನ್ನೂ ಓದಿ. ಎಂಪರಿವಾಹನ್ ಆ್ಯಪಿನಲ್ಲಿ ಅದು ನಿಜವೇ ಎಂದು ನೋಡಿ, ಒಂದು ನಕಲನ್ನು ವಿಮಾ ಪತ್ರದ ಜೊತೆಯಲ್ಲಿಡಿ.