ಸುದ್ದಿ ಮಾಡುವ ಜಾಗದಿಂದ ಸಂಭಾವನೆ ಬೇಡ

ಪ್ರಶ್ನೆ: ನಾನು ಚಂದ್ರಗುತ್ತಿ ಭಾಗದ ದಿನಪತ್ರಿಕೆ ವರದಿಗಾರ. ರೇಣುಕಾಂಬಾ ಜಾತ್ರೆಯ ಪ್ರಚಾರ ಪುಸ್ತಿಕೆ ಬರೆದುಕೊಟ್ಟರೆ ಸಂಭಾವನೆ ಕೊಡುತ್ತಾರಂತೆ. ಒಪ್ಪಬಹುದೇ?

ಉತ್ತರ: ಬಿಡುವಿನಲ್ಲಿ ಬರೆದು ಸಂಪಾದಿಸುವುದು ತಪ್ಪಲ್ಲ. ಆದರೆ ಇದನ್ನು ಒಪ್ಪಬೇಡಿ. ಆ ಜಾತ್ರೆಯ ವರದಿ ಮಾಡಬೇಕಾದವರು ನೀವೇ. 1986ರಲ್ಲಿ ಅಲ್ಲಿನ ಬೆತ್ತಲೆ ಸೇವೆಯ (ಭಕ್ತರು ಬೆತ್ತಲೆಯಾಗಿ ಹರಕೆ ತೀರಿಸುವ ಪದ್ಧತಿ) ವಿವಾದ ನಾಡಿನ ದೊಡ್ಡ ಸುದ್ದಿಯಾಗಿತ್ತು. ಅಂಥ ಸಂದರ್ಭ ಮತ್ತೆ ಬಂದರೆ, ಹಣ ಪಡೆದ ನೀವು ನಿರ್ಭಯವಾಗಿ ಬರೆಯಬಲ್ಲಿರಾ? ಬರೆದರೂ ಊರವರು ನಂಬುತ್ತಾರೆಯೇ? ಜಾಹೀರಾತು ಸುದ್ದಿಗಿಂತ ಬೇರೆಯಾಗಿಯೇ ಕಾಣಬೇಕೆಂದು ಭಾರತೀಯ ಪತ್ರಿಕಾ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಬರೆಯುವವರಿಗೂ ಅದೇ ಅಂತರ ಬೇಕು.

ಅನುವಾದ, ಭದ್ರಾವತಿ ಆಕಾಶವಾಣಿಯ ಭಾಷಣದಂಥ ಕೆಲಸಗಳಿಗೆ ಸಂಪಾದಕರ ಲಿಖಿತ ಅನುಮತಿ ಪಡೆದು ಒಪ್ಪಿಕೊಳ್ಳಿ. ಪತ್ರಿಕೆಯ ಗುರುತಿನ ಚೀಟಿಯನ್ನು ಮಾತ್ರ ಅಲ್ಲಿ ಬಳಸಬೇಡಿ. ಓದುಗರ ನಂಬಿಕೆಯೇ ನಿಮ್ಮ ನಿಜವಾದ ಗಳಿಕೆ, ಅದನ್ನು ಕಾಪಾಡಿಕೊಳ್ಳಿ.