ಪಿಜಿಯ ವೈಫೈ: ಮಾಡಬೇಕಾದ್ದು, ಮಾಡಬಾರದ್ದು

ವಿಜಯನಗರ, ಅತ್ತಿಗುಪ್ಪೆ ಮೆಟ್ರೊ ಸಮೀಪದ ನಮ್ಮ ಪಿಜಿಯಲ್ಲಿರುವ ಎಲ್ಲರ ಗಮನಕ್ಕೆ.

ಇಲ್ಲಿರುವ ಹೆಚ್ಚಿನವರು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದಲೆಂದು ಊರು ಬಿಟ್ಟು ಬಂದವರು. ಆನ್‌ಲೈನ್ ಕ್ಲಾಸು, ಮಾಕ್ ಟೆಸ್ಟು, ಅರ್ಜಿ ತುಂಬುವುದು ಎಲ್ಲವೂ ನಡೆಯುವುದು ಒಂದೇ ಲೈನಿನಲ್ಲಿ. ಒಂದು ರೂಮಿನ ತಪ್ಪಿಗೆ ನಾಲ್ಕೂ ಮಹಡಿಯ ನೆಟ್ ನಿಲ್ಲುತ್ತದೆ. ಆದ್ದರಿಂದ ಈ ನಿಯಮಗಳಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಮಾಡಬಾರದ್ದು

ಸ್ವಂತ ರೂಟರ್ ತಂದು ಗೋಡೆಯ ಪಾಯಿಂಟಿಗೆ ಸಿಕ್ಕಿಸಬೇಡಿ. ಇದು ಎಲ್ಲಕ್ಕಿಂತ ಮುಖ್ಯ, ಕಾರಣವೂ ತಿಳಿದಿರಲಿ. ಫೋನು, ಲ್ಯಾಪ್‌ಟಾಪು ನೆಟ್‌ವರ್ಕಿಗೆ ಸೇರಿದ ಕೂಡಲೇ ತನಗೊಂದು ಐಪಿ ವಿಳಾಸ ಬೇಕೆಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಉತ್ತರ ಕೊಡಬೇಕಾದ್ದು ಕೆಳಗಿನ ಮುಖ್ಯ ರೂಟರ್ ಮಾತ್ರ. ವಿಳಾಸದ ಜೊತೆಗೆ ಹೊರಗೆ ಹೋಗುವ ದಾರಿ ಯಾವುದೆಂದೂ ಅದೇ ಹೇಳುತ್ತದೆ. ನಿಮ್ಮ ರೂಟರಿನ ಲ್ಯಾನ್ ಪೋರ್ಟಿಗೆ ಗೋಡೆಯ ಕೇಬಲ್ ಹಾಕಿದಿರೋ, ಅದೂ ಉತ್ತರ ಕೊಡತೊಡಗುತ್ತದೆ. ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಫೋನು ನಂಬುತ್ತದೆ. ಆಮೇಲೆ ಮೂರನೇ ಮಹಡಿಯವರ ಫೋನು ನಿಮ್ಮ ರೂಟರನ್ನೇ ಹೊರದಾರಿ ಎಂದುಕೊಂಡು ಅಲ್ಲಿಗೇ ನಿಲ್ಲುತ್ತದೆ. ವೈಫೈ ಗೆರೆ ಪೂರ್ತಿ ಕಾಣುತ್ತದೆ, ಪೇಜ್ ಮಾತ್ರ ತೆರೆಯುವುದಿಲ್ಲ. ಒಬ್ಬರಿಗೆ ಬರುತ್ತದೆ, ಪಕ್ಕದ ಮಂಚದವರಿಗೆ ಬರುವುದಿಲ್ಲ. ಇದನ್ನು ಪತ್ತೆ ಹಚ್ಚಲು ಒಂದೊಂದೇ ಕೇಬಲ್ ಕಿತ್ತು ನೋಡುವಷ್ಟರಲ್ಲಿ ಯಾರದೋ ಟೆಸ್ಟಿನ ಸಮಯ ಮುಗಿದಿರುತ್ತದೆ.

ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಎರಡು ಗೋಡೆ ಪಾಯಿಂಟಿಗೆ ಹಾಕಬೇಡಿ. ಖಾಲಿ ಕಂಡಿತೆಂದು ಹಾಕಿದರೂ ತಪ್ಪೇ. ವಿಳಾಸ ಕೇಳುವ ಆ ಕೂಗು ಪಾಯಿಂಟುಗಳನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನೊಳಗೆ ಸುತ್ತುತ್ತಲೇ ಇರುತ್ತದೆ, ದೀಪಗಳೆಲ್ಲ ಒಟ್ಟಿಗೆ ಪಟಪಟ ಮಿನುಗುತ್ತವೆ, ಇಡೀ ಕಟ್ಟಡದ ನೆಟ್ ಸತ್ತುಹೋಗುತ್ತದೆ.

ಟೆರೇಸಿನಿಂದ ಇಳಿದಿರುವ ಕಪ್ಪು ಫೈಬರ್ ವೈರಿನ ಮೇಲೆ ಟವೆಲ್, ಬಟ್ಟೆ ಒಣಹಾಕಬೇಡಿ. ಅದರೊಳಗಿರುವುದು ಕೂದಲೆಳೆಯಂಥ ಗಾಜು, ಹರಿಯುವುದು ಬೆಳಕು. ತೀರಾ ಬಗ್ಗಿದರೆ ಬೆಳಕು ಸೋರಿಹೋಗುತ್ತದೆ. ತುಂಡಾದ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ, ಕಾಣಿಸದೆಯೇ ಕಣ್ಣಿಗೆ ಹಾನಿ ಮಾಡಬಹುದು.

ಪಾಸ್‌ವರ್ಡನ್ನು ಹೊರಗಿನವರಿಗೆ ಕೊಡಬೇಡಿ. ಟೊರೆಂಟ್ ಬೇಡವೇ ಬೇಡ.

ಮಾಡಬೇಕಾದ್ದು

ರೆಕಾರ್ಡೆಡ್ ಕ್ಲಾಸುಗಳನ್ನು ರಾತ್ರಿ ಹನ್ನೊಂದರ ಮೇಲೆ ಡೌನ್‌ಲೋಡ್ ಮಾಡಿ. ನಮ್ಮದು 100 ಎಂಬಿಪಿಎಸ್ ಲೈನು. ಅದು ಬಿಟ್ ಲೆಕ್ಕ. ಫೈಲುಗಳದ್ದು ಬೈಟ್ ಲೆಕ್ಕ. ಎಂಟು ಬಿಟ್ಟಿಗೆ ಒಂದು ಬೈಟ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ. 1 ಜಿಬಿ ವಿಡಿಯೊ ಒಬ್ಬರೇ ಇಳಿಸಿಕೊಂಡರೆ ಒಂದೂವರೆ ನಿಮಿಷದೊಳಗೆ ಬರಬಹುದು. ಸಂಜೆ ಏಳಕ್ಕೆ ಇಪ್ಪತ್ತು ಜನ ಒಟ್ಟಿಗೆ ಇಳಿಸಲು ಕೂತರೆ ಅದೇ ವಿಡಿಯೊಗೆ ಅರ್ಧ ಗಂಟೆ ಬೇಕು, ಲೈವ್ ಕ್ಲಾಸಿನಲ್ಲಿರುವವರ ಮಾತು ನಡುನಡುವೆ ಕತ್ತರಿಸುತ್ತದೆ.

ಮಾಕ್ ಟೆಸ್ಟ್ ಬರೆಯುವವರು ಒಂದನೇ ಮಹಡಿಯ ಓದುವ ಕೋಣೆಗೆ ಬಂದು ಕೇಬಲ್ ಹಾಕಿಕೊಳ್ಳಿ. 30×40 ಸೈಟುಗಳ ಈ ಸಾಲಿನಲ್ಲಿ ಗೋಡೆಗೆ ಗೋಡೆ ತಾಗಿದೆ, ಸುತ್ತಲಿನ ಮನೆಗಳ ವೈಫೈಗಳೆಲ್ಲ ನಮ್ಮ ಚಾನೆಲ್ಲುಗಳಲ್ಲೇ ಮಾತಾಡುತ್ತವೆ. ಕೇಬಲ್ಲಿಗೆ ಆ ಕಾಟವಿಲ್ಲ. ರೂಮಿನಲ್ಲೇ ಕೂರುವವರು ಹೆಸರಿನ ಕೊನೆಗೆ 5ಜಿ ಎಂದಿರುವ ವೈಫೈ ಹಿಡಿಯಿರಿ. ಅದು ಮೊಬೈಲ್ 5ಜಿ ಅಲ್ಲ, 5 ಗಿಗಾಹರ್ಟ್ಸ್. ಹತ್ತಿರದಲ್ಲಿ ವೇಗ ಜಾಸ್ತಿ, ಗೋಡೆ ದಾಟುವುದು ಕಡಿಮೆ.

ಅರ್ಜಿಯ ಕೊನೆಯ ದಿನದವರೆಗೆ ಕಾಯಬೇಡಿ; ಕಾದವರು ಫೋನಿನಲ್ಲಿ ಡೇಟಾ ಇಟ್ಟುಕೊಂಡಿರಿ.

ದೂರು ಹೇಳುವಾಗ ‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಬೇಡಿ. ಮೊದಲು ಆಫೀಸಿನಲ್ಲಿರುವ ಫೈಬರ್ ಪೆಟ್ಟಿಗೆ ನೋಡಿ. ಅದರಲ್ಲಿ ಎಲ್‌ಒಎಸ್ ದೀಪ ಕೆಂಪಗಿದ್ದರೆ ಹೊರಗಿನ ಫೈಬರ್ ಹೋಗಿದೆ ಎಂದರ್ಥ. ರೂಟರ್ ಆಫ್ ಮಾಡಿ ಆನ್ ಮಾಡಿ ಪ್ರಯೋಜನವಿಲ್ಲ, ಕಂಪನಿಯವರೇ ಬರಬೇಕು. ದೀಪ ಸರಿಯಿದ್ದರೆ ನಿಮ್ಮ ಐಪಿ ವಿಳಾಸ ನೋಡಿ. ನಮ್ಮದು 192.168.10 ಎಂದು ಶುರುವಾಗುತ್ತದೆ. 169.254 ಎಂದಿದ್ದರೆ ವಿಳಾಸವೇ ಸಿಕ್ಕಿಲ್ಲ. 192.168.0 ಅಥವಾ 192.168.1 ಎಂದಿದ್ದರೆ ಯಾರೋ ಸ್ವಂತ ರೂಟರ್ ಹಾಕಿದ್ದಾರೆ. ಆಗ ರಾತ್ರಿ ಎಷ್ಟೇ ಹೊತ್ತಾಗಿರಲಿ, ವಾರ್ಡನ್ನರನ್ನು ಎಬ್ಬಿಸಿ.